ಅವಳ ಪರವಾಗಿ ಒಂದು ಹೂಂ

ಮಾರ್ಚ್ ೩, ಸೋಮವಾರ

ತಂಗಿಯ ಬಾಯಿಂದ ಇವತ್ತು ಬಂದ ಮಾತುಗಳಲ್ಲಿ ಮುಕ್ಕಾಲು ಪಾಲು ‘ಬೇಡ’. ಚಹಾ ಕೊಡಲೇನೇ ಎಂದರೆ ಬೇಡ. ಕಿಟಕಿ ತೆಗೆಯಲೇ, ಬೇಡ. ಅಮ್ಮ ಫೋನಿನಲ್ಲಿದ್ದಾಳೆ, ಎರಡು ಮಾತಾಡು, ಬೇಡ. ಸ್ನಾನಕ್ಕೆ ನೀರು ಕಾದಿದೆ ಎಂದರೂ ಬೇಡ ಎಂದು, ನಾನು ಆ ಕಡೆ ಹೋದ ಮೇಲೆ ತಾನೇ ಎದ್ದು ಸ್ನಾನ ಮಾಡಿಕೊಂಡು ಬಂದಳು. ಮೈ ಪರಚಿಕೊಳ್ಳುವಂತಾಗುತ್ತದೆ ನನಗೆ. ಅಮ್ಮನಿಗೆ ಹೇಳಿದರೆ ಅಳುತ್ತಾಳೆ, ಊರವರಿಗೆ ಹೇಳಿದರೆ ನಗುತ್ತಾರೆ. ಅದಕ್ಕೇ ಈ ದಿನಚರಿ.

ಗಂಡನ ಮನೆ ಬಿಟ್ಟು ಅವಳು ನನ್ನ ಹತ್ತಿರ ಬಂದು ಏಳು ತಿಂಗಳಾಯಿತು. ಅಲ್ಲಿ ಏನು ನಡೆಯಿತೆಂದು ಬಾಯಿ ಬಿಟ್ಟಿಲ್ಲ. ಬಂದ ಹೊಸತರಲ್ಲಿ ಒಂದೇ ಒಂದು ಸಲ, “ಅಕ್ಕಾ, ಆ ಮನೇಲಿ ನಂಗೆ ಹೂಂ ಅನ್ನೋದು ಬಿಟ್ಟು ಬೇರೆ ಮಾತೇ ಇರ್ಲಿಲ್ಲ” ಎಂದಿದ್ದಳು. ಹಿಂದಿನಿಂದ ಹೋಗಿ ಹೆಗಲ ಮೇಲೆ ಕೈಯಿಟ್ಟರೆ ಈಗಲೂ ಬೆಚ್ಚುತ್ತಾಳೆ. ಮೊನ್ನೆ ಹಾಗೆ ಬೆಚ್ಚಿ ಕೈಯಲ್ಲಿದ್ದ ತಟ್ಟೆ ಬೀಳಿಸಿದಳು, ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು. ನಾನು ಹೊರಗೆ ನಿಂತು ಅನ್ನ ಗುಡಿಸಿದೆ.

ನಾನು ಯೋಗ ಹೇಳಿಕೊಡುವವಳು. ಜಿಮ್ಮಿನ ಮಹಡಿಯಲ್ಲಿ, ಕೆಳಗಿನವರು ಕಬ್ಬಿಣ ಎತ್ತಿ ಧಡ್ ಎಂದು ಇಳಿಸುವ ಸದ್ದಿನ ನಡುವೆಯೇ “ಉಸಿರು ನಿಧಾನವಾಗಿ ಬಿಡಿ” ಎಂದು ಹೇಳುತ್ತ ಬಂದಿದ್ದೇನೆ. ಊರವರ ಸೊಂಟವನ್ನೆಲ್ಲ ನೆಟ್ಟಗೆ ಮಾಡುವವಳಿಗೆ ಮನೆಯಲ್ಲಿರುವವಳ ಹೆಗಲು ಮುಟ್ಟಲು ಬರುವುದಿಲ್ಲ. ನಾಚಿಕೆಯಾಗುತ್ತದೆ. ಆಘಾತಕ್ಕೆ ಒಳಗಾದವರಿಗೆ ಯೋಗ ಕಲಿಸಲು ಟೀಚರುಗಳಿಗೆ ಬೇರೆಯದೇ ತರಬೇತಿ ಇದೆಯಂತೆ. ನೋಡಿ ಒಂದಕ್ಕೆ ಸೇರಿಬಿಡಬೇಕು. ಇವಳು ಮೊದಲಿನ ಹಾಗೆ ಆಗಬೇಕು, ನನಗೆ ಅಷ್ಟೇ ಬೇಕಾದದ್ದು.

ಮಾರ್ಚ್ ೫, ಬುಧವಾರ

ಹುಡುಕಲು ಕೂತರೆ ಒಂದಲ್ಲ ಎರಡಲ್ಲ. ಒಂದು ಕಡೆ ಎರಡೇ ವಾರಾಂತ್ಯದಲ್ಲಿ ‘ಆಘಾತ ಪರಿಣತ’ ಮಾಡಿಬಿಡುತ್ತಾರೆ. ಒಲೆಯ ಮೇಲೆ ಅನ್ನಕ್ಕಿಟ್ಟು ಹೋಗಿ ಪರಿಣತಳಾಗಿ ಬರಬಹುದು. ಇನ್ನೊಂದರಲ್ಲಿ ಬರೀ ವಿಡಿಯೋ. ಕಡಲ ದಂಡೆಯಲ್ಲಿ ಹೆಂಗಸೊಬ್ಬಳು ಕಣ್ಣು ಮುಚ್ಚಿ ನಗುತ್ತ ಕೂತಿದ್ದಾಳೆ. ಆಕೆಗೆ ಬಿಸಿಲಿನದು ಬಿಟ್ಟರೆ ಬೇರಾವ ಆಘಾತವೂ ಆದಂತೆ ಕಾಣಲಿಲ್ಲ.

ಬೆಳಗಿನ ಬ್ಯಾಚಿನ ಗೊರಕೆ ಮಾಮನಿಗೆ ಇದನ್ನು ಹೇಳಿದೆ. ರಿಟೈರಾದ ಬ್ಯಾಂಕಿನವರು, ಶವಾಸನ ಶುರುವಾದ ಕೂಡಲೇ ಗೊರಕೆ ಹೊಡೆಯುತ್ತಾರೆ, ಅದಕ್ಕೇ ಆ ಹೆಸರು. “ನಂಗೂ ಆಘಾತ ಆಗಿದೆಯಮ್ಮ, ನೀನು ದಿನಾ ಅರ್ಧ ನಿದ್ದೇಲಿ ಎಬ್ಬಿಸ್ತೀಯಲ್ಲ” ಎಂದರು. ಇಡೀ ಬ್ಯಾಚು ನಕ್ಕಿತು.

ಸೋಸಿದ ಮೇಲೆ ಉಳಿದದ್ದು ಎರಡು. ಒಂದನ್ನು ನಡೆಸುವವರು ರಿಟೈರಾದ ನರ್ಸು. ಇನ್ನೊಂದನ್ನು ‘ದೊಡ್ಡಕ್ಕ’ ಎಂದು ಎಲ್ಲರೂ ಕರೆಯುವ ಒಬ್ಬ ಹೆಂಗಸು. ಊರಿಗೆಲ್ಲ ದೊಡ್ಡಕ್ಕನಾಗಲು ಎಷ್ಟು ಧೈರ್ಯ ಬೇಕು. ನನಗೆ ಒಬ್ಬಳಿಗೆ ಅಕ್ಕನಾಗಿಯೇ ಸಾಕುಸಾಕಾಗಿದೆ.

ಮಾರ್ಚ್ ೮, ಶನಿವಾರ

ನರ್ಸಮ್ಮನ ಕೋಣೆ ಔಷಧಿ ಅಂಗಡಿಯ ಮೇಲಿದೆ. ಚಾಪೆಗಳ ಜೊತೆಗೆ ಕುರ್ಚಿಗಳನ್ನೂ ಹಾಕಿದ್ದಾರೆ, ಎಲ್ಲದರ ಮುಖವೂ ಬಾಗಿಲ ಕಡೆಗೆ. ಗಿಡ್ಡ ಬಿಳಿಗೂದಲು, ಇಸ್ತ್ರಿ ಇಲ್ಲದ ಅಂಗಿ.

“ಬಾಗಿಲು ಹಾಕ್ಲಾ, ತೆರೆದೇ ಇರ್ಲಾ?” ಎಂದರು.

“ನಿಮ್ಮಿಷ್ಟ.”

“ನಿಮ್ಮಿಷ್ಟ ಏನು ಅಂತ ಕೇಳ್ತಿದೀನಿ.”

ತೆರೆದೇ ಇರಲಿ ಎಂದೆ. ಆಮೇಲೆ ಯಾವ ಕುರ್ಚಿ, ಫ್ಯಾನು ಬೇಕೋ ಬೇಡವೋ. ಒಂದು ಕುರ್ಚಿಯ ಮೇಲೆ ಕೂರಲು ಇಷ್ಟೊಂದು ಉಪಚಾರವೇ ಎನ್ನಿಸಿತು. ತರಬೇತಿ ಒಂದು ವರ್ಷದ ಮೇಲೆ ಎರಡು ತಿಂಗಳು. ಮೊದಲ ಆರು ತಿಂಗಳು ಯಾರ ಮೈಯನ್ನೂ ಮುಟ್ಟುವಂತಿಲ್ಲ. ಆಮೇಲೂ ಪ್ರತಿ ಸಲ ಕೇಳಿಯೇ ಮುಟ್ಟಬೇಕು, ನಿನ್ನೆ ಒಪ್ಪಿದವರನ್ನು ಇವತ್ತು ಮತ್ತೆ ಕೇಳಬೇಕು.

“ಯಾಕೆ ಕಲೀಬೇಕು ಅನ್ನಿಸ್ತು?” ಎಂದರು.

“ತಂಗಿಗೋಸ್ಕರ.”

“ಹಾಗಾದ್ರೆ ಒಂದು ಷರತ್ತು. ಇಲ್ಲಿ ಕಲಿತದ್ದನ್ನ ತಂಗಿ ಮೇಲೆ ಮಾಡೋ ಹಾಗಿಲ್ಲ. ಅವಳಿಗೇ ಬೇಕು ಅನ್ನಿಸಿದ್ರೆ ಬೇರೆ ಟೀಚರ್ ಹತ್ರ ಹೋಗ್ಲಿ. ನೀವು ಅಕ್ಕ ಆಗಿರಿ, ಸಾಕು.”

“ಇದೊಳ್ಳೆ ಕಥೆ. ಮನೇಲಿ ಬಾವಿ ಇಟ್ಕೊಂಡು ಊರಿಗೆಲ್ಲ ನೀರು ಹಂಚ್ಬೇಕಾ?”

“ದೀಪ ನಮ್ಮನೇದು ಅಂತ ಮುತ್ತಿಟ್ರೆ ಮೀಸೆ ಸುಡದೆ ಬಿಡತ್ತಾ?”

“ನಂಗೆ ಮೀಸೆ ಇಲ್ಲ” ಎಂದೆ. ಅವರು ನಕ್ಕರು. ನಾನು ನಗಲಿಲ್ಲ. ಎಲ್ಲದಕ್ಕೂ ಬೇಡ ಎನ್ನುತ್ತಾಳೆ, ಏನು ಮಾಡಲಿ ಹೇಳಿ ಎಂದು ಗೋಳು ತೋಡಿಕೊಂಡೆ. ನರ್ಸಮ್ಮನ ಮುಖ ಅರಳಿತು. “ಬೇಡ ಅಂತಾಳಾ? ಬಾಯಿಬಿಟ್ಟು ಅಂತಾಳಾ? ಒಳ್ಳೇದಾಯ್ತು. ಆ ಮಾತನ್ನ ಜೋಪಾನ ಮಾಡಿ. ಅಲ್ಲಿ ಅದನ್ನ ಹೇಳೋಕೆ ಬಿಟ್ಟಿರ್ಲಿಲ್ಲ, ನಿಮ್ಮ ಹತ್ರ ಹೇಳ್ಬಹುದು ಅನ್ನಿಸಿದೆ ಅವಳಿಗೆ.”

ಏಪ್ರಿಲ್ ಹತ್ತರವರೆಗೆ ನನ್ನ ಹೆಸರಲ್ಲಿ ಒಂದು ಜಾಗ ಇಟ್ಟಿರುತ್ತಾರಂತೆ. ದಾರಿಯುದ್ದಕ್ಕೂ ತಲೆ ಬಿಸಿಯಾಗಿತ್ತು. ಏಳು ತಿಂಗಳು ನಾನು ಬೇಡ ತಿಂದು ಬೇಡ ಕುಡಿದು ಬದುಕಿದ್ದೇನೆ, ಇವರು ಅದನ್ನು ಜೋಪಾನ ಮಾಡಿ ಎನ್ನುತ್ತಾರೆ. ಹೇಳುವವರಿಗೇನು, ಹೊರುವವರು ನಾವು.

ಮಾರ್ಚ್ ೧೨, ಬುಧವಾರ

ತಂಗಿಗೆಂದು ಹಳದಿ ಬಣ್ಣದ ಒಂದು ಅಂಗಿ ತಂದಿದ್ದೆ. ಕಣ್ಣೆದುರೇ ಮಡಚಿ ಪೊಟ್ಟಣಕ್ಕೆ ಹಾಕಿ, “ಬೇಡಕ್ಕಾ, ಈ ಬಣ್ಣ ನಂಗಾಗಲ್ಲ. ಅಂಗಡಿ ಎಲ್ಲಿ ಹೇಳು, ನಾನೇ ಹೋಗಿ ಬದಲಾಯಿಸ್ಕೊಂಡು ಬರ್ತೀನಿ” ಎಂದಳು. ಹೋದಳು ಕೂಡ, ಒಬ್ಬಳೇ. ಬರುವಾಗ ಬೂದಿ ಬಣ್ಣದ್ದೊಂದು ತಂದಳು, ಅಂಗಡಿಯವನ ಜೊತೆ ಜಗಳ ಆಡಿದೆ ಎಂದು ನಗುತ್ತಿದ್ದಳು. ಅಷ್ಟು ಪ್ರೀತಿಯಿಂದ ತಂದದ್ದು, ಒಂದು ಸಲ ಮೈಮೇಲೆ ಹಾಕಿ ನೋಡಬಾರದಿತ್ತೇ. ರಾತ್ರಿ ಊಟ ಸೇರಲಿಲ್ಲ ನನಗೆ.

ಮಾರ್ಚ್ ೧೬, ಭಾನುವಾರ

ದೊಡ್ಡಕ್ಕನ ಮನೆ ನೋಡಿ ಬಂದೆ. ಬೀದಿಯ ಕೊನೆಯಲ್ಲಿ ಎತ್ತರದ ಮನೆ, ಹಗಲಲ್ಲೂ ಪರದೆ ಎಳೆದ ಕಿಟಕಿಗಳು. ಬಾಗಿಲಲ್ಲೇ ಫೋನುಗಳನ್ನು ಬುಟ್ಟಿಗೆ ಹಾಕಿಸಿಕೊಳ್ಳುತ್ತಾರೆ. ಒಳಗೆ ಕಾಲು ಹೂತುಹೋಗುವಂಥ ಜಮಖಾನೆ, ಅದರ ಮೇಲೆ ವೃತ್ತವಾಗಿ ಕೂತ ಹೆಂಗಸರು. ಆಕೆ ನಕ್ಕರೆ ಎಲ್ಲರೂ ನಗುತ್ತಾರೆ, ಆಕೆ ಕೆಮ್ಮಿದರೆ ಇವರು ಗಂಟಲು ಸರಿಮಾಡಿಕೊಳ್ಳುತ್ತಾರೆ. ನನಗೆ ಒಳಗೊಳಗೇ ನಗು. ಬಂದ ದಾರಿಗೆ ಸುಂಕವಿಲ್ಲ ಎಂದುಕೊಂಡು ಎದ್ದುಬರುವವಳಿದ್ದೆ.

ಅಷ್ಟರಲ್ಲಿ ಆಕೆ ಎದ್ದುಬಂದು ನನ್ನ ಮಣಿಕಟ್ಟು ಹಿಡಿದುಕೊಂಡರು. ಬಹಳ ಹೊತ್ತು ಬಿಡಲಿಲ್ಲ. “ಎಷ್ಟು ದಿನದಿಂದ ನೀನೊಬ್ಬಳೇ ಹೊರ್ತಿದೀಯಾ ಮಗಾ?” ಎಂದರು. ಅಷ್ಟೇ. ಇಷ್ಟು ವರ್ಷಗಳಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಗೊತ್ತಿಲ್ಲದ ಅಷ್ಟು ಜನರೆದುರು ಗೊಳೋ ಎಂದು ಅತ್ತುಬಿಟ್ಟೆ. ಒಬ್ಬರೂ ನಗಲಿಲ್ಲ.

ಇಲ್ಲಿನ ಪದ್ಧತಿ ಬೇರೆ. ಒಪ್ಪಿಗೆಯನ್ನು ಒಂದೇ ಸಲ ಕೇಳುತ್ತಾರೆ, ಎಲ್ಲರೆದುರು. ಬಂದವರು ಹೂಂ ಎನ್ನಬೇಕು. ಒಮ್ಮೆ ಹೂಂ ಎಂದ ಮೇಲೆ ಮತ್ತೆ ಕೇಳುವುದಿಲ್ಲ, ಬಂದವರೂ ಮಾತು ಹಿಂದೆಗೆದುಕೊಳ್ಳುವಂತಿಲ್ಲ. “ಪದೇ ಪದೇ ಕೇಳೋದು ಅಂದ್ರೆ ಪದೇ ಪದೇ ಅನುಮಾನ ಪಡೋದು. ಗಾಯ ಆದವರಿಗೆ ಬೇಕಾಗಿರೋದು ಪ್ರಶ್ನೆ ಅಲ್ಲ, ಗಟ್ಟಿ ಕೈ” ಎಂದರು. ನರ್ಸಮ್ಮನ ಫ್ಯಾನು ಬೇಕೋ ಬೇಡವೋ ನೆನಪಾಗಿ, ಇದೇ ಸರಿ ಎನ್ನಿಸಿತು. ನಾನು ಹೂಂ ಎಂದೆ.

ಆಮೇಲೆ ಬೋರಲು ಮಲಗಿಸಿ ಬೆನ್ನಿನ ಮೇಲೆ ಕೈಯೂರಿದರು. ಭಾರ ಹಾಕಿದರು. ಉಸಿರು ಕಟ್ಟಿತು, ಸಾಕು ಎನ್ನಲು ಹೋದೆ, ಬಾಯಿ ಜಮಖಾನೆಯಲ್ಲಿ ಹೂತಿತ್ತು. ಬಿಟ್ಟಾಗ ಮತ್ತೆ ಅಳು ಬಂತು. ಅದೇ ಬಿಡುಗಡೆಯಂತೆ. ಇರಬೇಕು, ಬರುವಾಗ ತಲೆ ಹಗುರವಾಗಿತ್ತು.

ಮಾರ್ಚ್ ೧೮, ಮಂಗಳವಾರ

ಎಡಗೈ ಮೇಲೆತ್ತಲು ಆಗುತ್ತಿಲ್ಲ. ಬ್ಯಾಚಿನಲ್ಲಿ ಒಂದೇ ಕೈಯಲ್ಲಿ ತೋರಿಸಿದೆ. “ಯಾರ ಜೊತೆ ಕುಸ್ತಿ ಆಡಿದ್ಯಮ್ಮ?” ಎಂದರು ಗೊರಕೆ ಮಾಮ.

ತಂಗಿ ನೋಡಿ ಏನಾಯಿತೆಂದು ಕೇಳಿದಳು. ಹೇಳಿದೆ. “ನೀನು ಸಾಕು ಅಂದ್ಯಾ?” ಎಂದಳು. ಅನ್ನೋಕಾಗಲಿಲ್ಲ ಎಂದೆ. “ಆಮೇಲೆ ಅವರು ಕೇಳಿದ್ರಾ, ನೋವಾಯ್ತಾ ಅಂತ?” ಇಲ್ಲ ಎಂದೆ. “ಅಲ್ಲಿಗೆ ಹೋಗ್ಬೇಡ ಅಕ್ಕಾ” ಎಂದಳು. ಬಿಸಿನೀರಿನ ಚೀಲ ತುಂಬಿ ತಂದು, ನನಗೆ ತಾಗದ ಹಾಗೆ ಪಕ್ಕದಲ್ಲಿಟ್ಟು ಹೋದಳು. ನೋಡಿ, ತನಗೂ ಬೇಡ, ನನಗೂ ಬೇಡ.

ಮಾರ್ಚ್ ೨೩, ಭಾನುವಾರ

ಎರಡನೆಯ ವೃತ್ತ. ಇನ್ನೂ ಸೇರಿಲ್ಲ, ಸುಮ್ಮನೆ ನೋಡಲು ಹೋಗುತ್ತಿದ್ದೇನೆ. ತಂಗಿಯ ವಿಷಯ ಎತ್ತಿದೆ. ದೊಡ್ಡಕ್ಕ ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು. “ಬೇಡ ಅನ್ನೋಳು ನಿನ್ನ ತಂಗಿ ಅಲ್ಲ. ಅದು ಗಾಯ ಮಾತಾಡ್ತಿರೋದು. ಗಾಯಕ್ಕೆ ಯಾಕೆ ಮರ್ಯಾದೆ ಕೊಡ್ತೀಯಾ?” ಎಂದರು. ಎಷ್ಟು ಸರಿಯಾದ ಮಾತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದು ತೋರಿಸಿದರು.

ನಡುವೆ ಒಂದು ವಿಷಯ ನಡೆಯಿತು. ಉದ್ದ ಜಡೆಯವಳೊಬ್ಬಳು ಎದ್ದು, ಮಗಳಿಗೆ ಜ್ವರ, ಬೇಗ ಹೋಗಬೇಕು ಎಂದಳು. ದೊಡ್ಡಕ್ಕ ಸಿಟ್ಟು ಮಾಡಲಿಲ್ಲ. “ನೀನು ಹೂಂ ಅಂದಿದ್ದೆ ಅಲ್ವಾ?” ಎಂದು ಮೆಲ್ಲಗೆ ಕೇಳಿ, ನಗುತ್ತ ನೋಡುತ್ತಿದ್ದರು. ಎಲ್ಲರೂ ನೋಡುತ್ತಿದ್ದರು. ಅವಳು ನಿಂತೇ ಇದ್ದಳು, ಆಮೇಲೆ ಕೂತಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈ ಮಡಿಲಲ್ಲೇ ಇತ್ತು. ಪಕ್ಕದವರು ನನ್ನ ಕೈ ನೋಡುತ್ತಿದ್ದುದರಿಂದ ನಾನೂ ತಟ್ಟಿದೆ. ತಟ್ಟುತ್ತ ತಟ್ಟುತ್ತ ಅದೂ ಒಂದು ಗಟ್ಟಿತನವೇ ಎನ್ನಿಸಿತು.

ಮಾರ್ಚ್ ೨೯, ಶನಿವಾರ

ಇವತ್ತು ತಂಗಿ ಲೈಬ್ರರಿಗೆ ಹೋಗಿದ್ದಾಗ ಬಡಗಿಯನ್ನು ಕರೆಸಿ ಅವಳ ಕೋಣೆಯ ಒಳಚಿಲಕ ತೆಗೆಸಿದೆ. ಮುಚ್ಚಿದ ಬಾಗಿಲ ಹಿಂದೆ ಗಾಯ ಕೊಬ್ಬುತ್ತದೆ ಎಂದು ದೊಡ್ಡಕ್ಕ ಹೇಳಿದ್ದರು. ಬಡಗಿ, “ಮುರಿದಿಲ್ವಲ್ಲಮ್ಮಾ, ಚೆನ್ನಾಗಿಯೇ ಇದೆಯಲ್ಲ” ಎಂದು ಎರಡು ಸಲ ಹೇಳಿದ. ತೆಗೆ ಎಂದೆ.

ಬಂದವಳು ಬಾಗಿಲ ಮೇಲಿನ ಮೊಳೆಯ ತೂತುಗಳನ್ನು ಬೆರಳಿಂದ ಮುಟ್ಟಿ ನೋಡಿದಳು. ನಾನು ಕೂಗಾಟಕ್ಕೆ ಸಿದ್ಧಳಾಗಿ ಸೊಂಟ ಕಟ್ಟಿ ನಿಂತಿದ್ದೆ. ಕೂಗಲಿಲ್ಲ. “ಯಾಕಕ್ಕಾ?” ಎಂದಳು, ಅಷ್ಟೇ. ನಿನ್ನ ಒಳ್ಳೆಯದಕ್ಕೆ ಎಂದೆ. ಆ ಮಾತು ಕೇಳಿದ್ದೇ ಅವಳ ಮುಖದ ಬಣ್ಣ ಹೋಯಿತು. ರಾತ್ರಿ ಬಾಗಿಲಿಗೆ ಕುರ್ಚಿ ಒತ್ತಿಟ್ಟ ಸದ್ದು ಕೇಳಿಸಿತು. ನಾಳೆ ಆ ಕುರ್ಚಿಯನ್ನೂ ನಡುಮನೆಗೆ ತಂದಿಡಬೇಕು.

ಏಪ್ರಿಲ್ ೨, ಬುಧವಾರ

ಗೊರಕೆ ಮಾಮ ಬ್ಯಾಚು ಬಿಟ್ಟರು. ಮುಂದಕ್ಕೆ ಬಗ್ಗಿ ಕೂತಿದ್ದಾಗ ಬೆನ್ನ ಮೇಲೆ ಕೈಯೂರಿ ಸ್ವಲ್ಪ ಭಾರ ಹಾಕಿದೆ. ಅಯ್ಯೋ ಎಂದರು. ಅದು ಅವರ ಮಾತಲ್ಲ ಎಂದು ನನಗೆ ಗೊತ್ತಿತ್ತು, ಇನ್ನೂ ಸ್ವಲ್ಪ ಒತ್ತಿದೆ. ತಪ್ಪಿಸಿಕೊಂಡು ಎದ್ದು ಕೂತರು. ಮುಖ ಕೆಂಪಾಗಿತ್ತು.

“ಕೇಳ್ಬಾರ್ದೇನಮ್ಮಾ?”

“ಸೇರುವಾಗಲೇ ಒಪ್ಪಿದ್ರಲ್ಲ ಮಾಮ.”

“ಯೋಗಕ್ಕೆ ಒಪ್ಪಿದ್ದು, ನಿನ್ನ ಗಾಣಕ್ಕೆ ತಲೆ ಕೊಡೋಕಲ್ಲ.” ಚಾಪೆ ಸುತ್ತಿಕೊಂಡರು. ಬಾಗಿಲ ಹತ್ತಿರ ನಿಂತು, “ನೀನು ಹೀಗಿರ್ಲಿಲ್ಲ” ಎಂದರು. ಅವರ ಹಿಂದೆ ಇನ್ನೂ ಮೂವರು ಹೋದರು. ಹೋಗಲಿ. ಜೊಳ್ಳು ತೂರಿ ಹೋದರೆ ಉಳಿಯುವುದೇ ಕಾಳು. ಶವಾಸನದಲ್ಲಿ ಮಹಡಿ ಎಷ್ಟು ನಿಶ್ಶಬ್ದವಾಗಿತ್ತು.

ಏಪ್ರಿಲ್ ೬, ಭಾನುವಾರ

ಸೇರಬೇಕಾದರೆ ಒಂದು ಪರೀಕ್ಷೆ ಇದೆಯಂತೆ. ಮನೆಯ ಗಾಯವನ್ನು ವೃತ್ತಕ್ಕೆ ತರಬೇಕು. ನನ್ನ ಮಟ್ಟಿಗೆ ಅಂದರೆ ತಂಗಿಯನ್ನು. ಅವಳು ಬರುವುದಿಲ್ಲ ಎಂದೆ. “ಬರ್ತಾಳೆ. ನೀನು ಮಾತು ಬಿಡು. ಅಡುಗೆ ಮಾಡಿಡು, ಬಟ್ಟೆ ಒಗೆದಿಡು, ಮಾತು ಮಾತ್ರ ಬೇಡ. ಮೂಗು ಹಿಡಿದ್ರೆ ಬಾಯಿ ತಾನಾಗೇ ತೆರೆಯತ್ತೆ” ಎಂದರು ದೊಡ್ಡಕ್ಕ. ನನ್ನ ತಲೆ ಸವರಿದರು. ನನಗೆ ಕೈಗುಣ ಇದೆಯಂತೆ, ಇಷ್ಟು ಜನರಲ್ಲಿ ಯಾರಿಗೂ ಇಲ್ಲದ್ದು. ಆ ನರ್ಸು ಅದನ್ನು ನೋಡಿ ಹೆದರಿದ್ದಾಳಂತೆ, ಅದಕ್ಕೇ ತಂಗಿಯನ್ನು ಮುಟ್ಟಬೇಡ ಎಂದದ್ದು. ನನಗೆ ಇದು ಹೊಳೆದೇ ಇರಲಿಲ್ಲ.

ಮನೆಗೆ ಬಂದಾಗ ತಂಗಿ ಬಾಗಿಲಲ್ಲೇ ಕಾಯುತ್ತಿದ್ದಳು. “ಅಮ್ಮ ಫೋನ್ ಮಾಡಿದ್ಳು, ನಾನೇ ಮಾತಾಡಿದೆ. ಎಷ್ಟೊತ್ತು ಮಾತಾಡಿದ್ವಿ ಗೊತ್ತಾ?” ಎಂದಳು. ಉತ್ತರ ಕೊಡದೆ ಒಳಗೆ ಹೋದೆ. ನಾಲಿಗೆ ಕಚ್ಚಿಕೊಂಡು ಹೋದೆ, ಸುಲಭವಾಗಿರಲಿಲ್ಲ.

ಏಪ್ರಿಲ್ ೮, ಮಂಗಳವಾರ

ಮಾತಿಲ್ಲ. ಅವಳು ಹಿಂದೆ ಹಿಂದೆ ಸುತ್ತುತ್ತಾಳೆ. ನಾನು ಪಾತ್ರೆ ತೊಳೆದರೆ ಒರೆಸಲು ನಿಲ್ಲುತ್ತಾಳೆ. “ನಾನೇನಾದ್ರೂ ತಪ್ಪು ಮಾಡಿದ್ನಾ?” ಎಂದು ಬೆಳಗಿನಿಂದ ಅದೆಷ್ಟು ಸಲವೋ. ಮಧ್ಯಾಹ್ನ ಆ ಬೂದಿ ಬಣ್ಣದ ಅಂಗಿ ಮಡಚಿ ಪೆಟ್ಟಿಗೆಯ ಅಡಿಗೆ ಹಾಕುತ್ತಿದ್ದಳು. ಪಾಪ ಎನ್ನಿಸಿತು. ಪಾಪ ಎನ್ನಿಸುವುದೂ ಗಾಯದ ಆಟವೇ ಅಂತೆ.

ಏಪ್ರಿಲ್ ೧೦, ಗುರುವಾರ

ನರ್ಸು ಫೋನ್ ಮಾಡಿದ್ದಳು. ಜಾಗ ಬೇಕೋ ಬೇಡವೋ ಇವತ್ತು ಹೇಳಬೇಕಿತ್ತು. ಬೇಡ, ಬೇರೆ ಕಡೆ ನೋಡಿಕೊಂಡಿದ್ದೇನೆ ಎಂದೆ.

“ಆಯ್ತಮ್ಮ. ತಂಗಿ ಹೇಗಿದ್ದಾಳೆ? ಈಗಲೂ ಬೇಡ ಅಂತಾಳಾ?”

“ಇಲ್ಲ, ಈಗ ತುಂಬಾ ಕಮ್ಮಿಯಾಗಿದೆ” ಎಂದೆ. ಹೆಮ್ಮೆಯಿಂದಲೇ ಹೇಳಿದೆ.

“ನೀವೊಂದು ಸಲ ಬಂದು ಹೋಗಿ. ಕೋರ್ಸಿಗಲ್ಲ, ಸುಮ್ನೆ. ಅವಳೇ ಬೇಕಾದ್ರೂ ಬರ್ಲಿ, ನೀವು ಕೆಳಗೆ ಅಂಗಡಿ ಹತ್ರ ಕಾಯ್ತಿರಿ. ನನ್ನ ನಂಬರ್ ಅವಳಿಗೆ ಕೊಡ್ತೀರಾ?” ಎಂದಳು. ಯಾರ ಮನೆಯ ತಂಗಿ, ಯಾರಿಗೆ ಚಿಂತೆ. ಸರಿ ಸರಿ ಎಂದು ಇಟ್ಟೆ. ನಂಬರು ಅಳಿಸಿದೆ.

ಸಂಜೆ ದೀಪ ಹಾಕುವ ಹೊತ್ತಿಗೆ ತಂಗಿ ಬಂದು ಗೋಡೆಗೆ ಆನಿಕೊಂಡು ನಿಂತಳು. “ಅಕ್ಕಾ, ನಾನು ಬರ್ತೀನಿ ಅಲ್ಲಿಗೆ. ನೀನು ಮಾತಾಡು” ಎಂದಳು. ಹಾಲು ಕುಡಿದಷ್ಟು ಸಂತೋಷವಾಯಿತು. ತಬ್ಬಿಕೊಂಡೆ. ಬೆಚ್ಚಲಿಲ್ಲ. ಕೈ ಎರಡೂ ಪಕ್ಕಕ್ಕೆ ಇಳಿಬಿಟ್ಟು ನಿಂತಿದ್ದಳು.

ಏಪ್ರಿಲ್ ೧೩, ಭಾನುವಾರ

ಎಲ್ಲವನ್ನೂ ಬರೆಯಬೇಕು, ಇಂಥ ದಿನ ಮತ್ತೆ ಬರುವುದಿಲ್ಲ.

ಹೊರಡುವಾಗ ಹಳದಿ ಅಂಗಿ ಇದ್ದಿದ್ದರೆ ಚೆನ್ನಾಗಿತ್ತು ಎಂದೆ. ಆ ಬಣ್ಣದ್ದೊಂದು ನನ್ನದಿತ್ತು, ಕೊಟ್ಟೆ, ಹಾಕಿಕೊಂಡಳು. ಬಾಗಿಲಲ್ಲಿ ಫೋನನ್ನು ಬುಟ್ಟಿಗೆ ಹಾಕು ಎಂದರೆ ಹಾಕಿದಳು. ವೃತ್ತದ ನಡುವೆ ಚಾಪೆ ಹಾಸಿತ್ತು. ದೊಡ್ಡಕ್ಕ ಅವಳ ಗಲ್ಲ ಹಿಡಿದೆತ್ತಿ, “ಒಪ್ಪಿಗೇನಾ ಮಗಾ?” ಎಂದರು.

ಅವಳು ಬಾಯಿ ತೆರೆಯಲಿಲ್ಲ. ನನ್ನ ಕಡೆ ನೋಡಿದಳು. ಎಲ್ಲರೂ ಕಾಯುತ್ತಿದ್ದರು. ಉದ್ದ ಜಡೆಯವಳು ಮಾತ್ರ ನೆಲ ನೋಡುತ್ತಿದ್ದಳು. ಇಷ್ಟು ದೂರ ಬಂದು ಈಗ ಕೈತಪ್ಪುತ್ತದಲ್ಲ ಎನ್ನಿಸಿತು. ಅವಳ ಪರವಾಗಿ ನಾನೇ ಹೂಂ ಅಂದೆ. ಅಕ್ಕ ತಾನೆ. ನನಗಿಂತ ಹತ್ತಿರದವರು ಅವಳಿಗೆ ಯಾರಿದ್ದಾರೆ?

ಅವಳು ನನ್ನ ಮುಖ ನೋಡುತ್ತಲೇ ಇದ್ದಳು. ಆಮೇಲೆ ನೋಡುವುದನ್ನು ಬಿಟ್ಟಳು. ಅಂಗಾತ ಮಲಗು ಎಂದರು, ಮಲಗಿದಳು. ದೊಡ್ಡಕ್ಕ ಮೊದಲು ಕೈಯಿಟ್ಟು, ಆಮೇಲೆ ನನ್ನನ್ನು ಕರೆದರು. ನನ್ನ ಕೈ ಅವಳ ಎರಡೂ ಹೆಗಲ ಮೇಲೆ, ಅದರ ಮೇಲೆ ದೊಡ್ಡಕ್ಕನ ಕೈ. ಒತ್ತಿದೆವು. ತಟ್ಟೆ ಬೀಳಿಸಿದ ಅದೇ ಹುಡುಗಿ, ಒಂದು ಚೂರೂ ಅಲುಗಲಿಲ್ಲ. ಅಳಲೂ ಇಲ್ಲ. ಉಸಿರು ಇದೆಯೋ ಇಲ್ಲವೋ ಎನ್ನುವಷ್ಟು ಮೆಲ್ಲಗಿತ್ತು. ಕಣ್ಣು ತೆರೆದೇ ಇತ್ತು, ಚಾವಣಿಯ ಮೇಲೆ. ಮೈ ತಣ್ಣಗಾಗಿತ್ತು. “ನೋಡಿ, ಶರಣಾಗತಿ ಅಂದ್ರೆ ಇದು. ನಾವು ವರ್ಷಗಟ್ಟಲೆ ಕಾದ್ರೂ ಬರೋದಿಲ್ಲ” ಎಂದರು ದೊಡ್ಡಕ್ಕ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಕಣ್ಣೀರು ನಿಲ್ಲಲಿಲ್ಲ. ಮುಂದಿನ ವಾರದಿಂದ ನಾನು ತರಬೇತಿಯಲ್ಲಿದ್ದೇನೆ, ಅಲ್ಲೇ ಹೇಳಿದರು. ಇನ್ನು ಪ್ರತಿ ಭಾನುವಾರ ಅವಳನ್ನೂ ಕರೆದುಕೊಂಡು ಬರಬೇಕು.

ಏಳು ಎಂದ ಮೇಲೆ ಎದ್ದಳು. ವಾಪಸು ಬರುವಾಗ ನನ್ನ ಪಕ್ಕದಲ್ಲಿ ನಡೆಯಲಿಲ್ಲ, ಒಂದು ಹೆಜ್ಜೆ ಹಿಂದೆಯೇ ನಡೆದಳು. ನಾನು ನಿಧಾನ ಮಾಡಿದರೆ ಅವಳೂ ನಿಧಾನ ಮಾಡುತ್ತಿದ್ದಳು.

ಏಪ್ರಿಲ್ ೧೪, ಸೋಮವಾರ

ಬೆಳಗ್ಗೆ ನಾನು ಏಳುವಷ್ಟರಲ್ಲಿ ಮನೆಯೆಲ್ಲ ಗುಡಿಸಿ ಒರೆಸಿ, ನನ್ನ ಚಾಪೆಗಳನ್ನು ಸುತ್ತಿ ಬಾಗಿಲ ಬಳಿ ಇಟ್ಟಿದ್ದಳು. ಕೋಣೆಯ ಬಾಗಿಲು ಹಾರುಹೊಡೆದಿತ್ತು. ಕಿಟಕಿ ತೆಗೆಯಲೇ ಎಂದೆ, ಹೂಂ. ಅಮ್ಮನ ಹತ್ತಿರ ಮಾತಾಡುತ್ತೀಯಾ, ಹೂಂ. ನಾನು ಹೇಳಿಕೊಟ್ಟಂತೆ ಚೆನ್ನಾಗಿದ್ದೇನೆ ಎಂದು ಅಮ್ಮನಿಗೆ ಹೇಳಿದಳು. ಅಮ್ಮ ಸಂತೋಷದಿಂದ ಅತ್ತಳು.

ಅಡುಗೆಮನೆಯಲ್ಲಿ ಮೇಜಿನ ಪಕ್ಕ ನಿಂತೇ ಇದ್ದಳು. “ಅಕ್ಕಾ, ಕೂತ್ಕೊಳ್ಳಲಾ?” ಎಂದಳು. ಇದೇನೇ ಹೊಸದು ಎಂದು ನಕ್ಕು, ಕೂತ್ಕೋ ಎಂದೆ. ಕೂತಳು. ಅವಳ ಮುಂದೆ ಚಹಾ ಇಟ್ಟು, ತಡವಾಯಿತೆಂದು ಬ್ಯಾಚಿಗೆ ಓಡಿದೆ. ಇವತ್ತು ಐದೇ ಜನ ಇದ್ದರು. ಎಲ್ಲರೂ ಹೇಳಿದ ಹಾಗೆ ಕೇಳುವವರು. ಬರುವಾಗ ತರಕಾರಿ ತಂದೆ, ಇಬ್ಬರಿಗೂ ದೊಡ್ಡಕ್ಕನ ಮನೆಯವರು ಉಡುವಂಥ ಬಿಳಿ ಬಟ್ಟೆ ನೋಡಿ ಬಂದೆ. ಮಧ್ಯಾಹ್ನವೇ ಆಯಿತು.

ಅವಳು ಅದೇ ಕುರ್ಚಿಯಲ್ಲಿ ಹಾಗೆಯೇ ಕೂತಿದ್ದಳು, ಕೈಗಳು ತೊಡೆಯ ಮೇಲೆ. ಚಹಾ ಮುಟ್ಟಿರಲಿಲ್ಲ, ಕೆನೆಗಟ್ಟಿತ್ತು.

“ಕುಡೀಲಿಲ್ವೇನೇ?”

“ನೀನು ಹೇಳ್ಲಿಲ್ಲ.”

ಕುಡಿ ಎಂದೆ. ಎರಡೂ ಕೈಯಲ್ಲಿ ಲೋಟ ಹಿಡಿದು ಒಂದೇ ಉಸಿರಿಗೆ ಕುಡಿದು, ಖಾಲಿ ಲೋಟ ಹಿಡಿದುಕೊಂಡೇ ನನ್ನನ್ನು ನೋಡಿದಳು. ಬಿಸಿ ಮಾಡಿಕೊಡಲೇ ಎಂದು ಕೇಳಬೇಕಿತ್ತು, ಹೊಳೆಯಲಿಲ್ಲ.